ಕುಂಬಾರ ಓಣಿಗೆ ಹೋಗದ ಬಾಜಾ

ನಮ್ಮ ನೆಗೆಣ್ಣಿ ಶಿರೀಷಾಗೆ ಮಣ್ಣಿನ ಹುಚ್ಚು. ಕೆಲವರಿಗೆ ಬಂಗಾರದ ಹುಚ್ಚಿರುತ್ತದೆ, ಕೆಲವರಿಗೆ ಟಿವಿ ಧಾರಾವಾಹಿಯದು, ಇವಳಿಗೆ ಮಾತ್ರ ಕೆರೆಯ ಮಣ್ಣು. ಕೊಡಂಗಲ್ ಕಡೆಯ ಹುಡುಗಿ. ನನ್ನ ಮೈದುನ ಅನಿಲಕುಮಾರನನ್ನು ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಹಿತ್ತಲಲ್ಲಿ ಕೂತು ಮಣ್ಣು ಕಲಸುತ್ತಿದ್ದಳು. ಹೊಸ ಸೊಸೆ ಮೊಣಕೈವರೆಗೆ ಕೆಸರು ಮಾಡಿಕೊಂಡು ಕೂತದ್ದನ್ನು ಕಂಡು ನಮ್ಮತ್ತೆ ನನ್ನ ಕಡೆ ನೋಡಿದರು. ನಾನು ಹಿರಿಸೊಸೆ ಪೂರ್ಣಿಮಾ. ಮನೆಯಲ್ಲಿ ಏನು ವಿಚಿತ್ರ ನಡೆದರೂ ಎಲ್ಲರೂ ಮೊದಲು ನನ್ನ ಮುಖ ನೋಡುವುದು ರೂಢಿ. ನಾನೇನು ಮಾಡಲಿ, ನಕ್ಕುಬಿಟ್ಟೆ.

ನಮ್ಮದು ಕುರಿ ಸಾಕುವ ಮನೆತನ. ಊರು ಮೊಗುಡಂಪಲ್ಲಿಯ ಆಚೆ, ನಾಲ್ಕು ಹೊಲ ದಾಟಿದರೆ ಬೀದರ ಜಿಲ್ಲೆ. ಊರಿಗೆ ಒಂದೇ ಕುಂಬಾರ ಮನೆ, ಅಂಜಪ್ಪ ಮುತ್ಯಾನದು. ಆ ಮನೆಗೂ ನಮಗೂ ಅಜ್ಜನ ಕಾಲದಿಂದ ಕೊಡುಕೊಳ್ಳುವುದಿತ್ತು. ನಮ್ಮ ದೊಡ್ಡಿಯ ಕುರಿಹಿಕ್ಕೆ ಅವರು ಗಡಿಗೆ ಸುಡುವ ಆವಿಗೆಗೆ ಹೋಗುತ್ತಿತ್ತು, ಅಲ್ಲಿಂದ ನಮಗೆ ನೀರಿನ ಗಡಿಗೆ, ದೀಪಾವಳಿಗೆ ಹಣತೆ ಬರುತ್ತಿದ್ದವು. ಹಿಕ್ಕೆಯ ಬುಟ್ಟಿ ಹೊತ್ತು ಹೋದ ಶಿರೀಷಾ ಬುಟ್ಟಿ ಇಳಿಸಿ ಅಲ್ಲೇ ಕೂತುಬಿಡುತ್ತಿದ್ದಳು. ಮುತ್ಯಾ ತಿಗರಿ ತಿರುಗಿಸುತ್ತಿದ್ದ, ಅವನ ಹೆಂಡತಿ ಬಾಳಮ್ಮ ಆಯಿ ಹಸಿ ಗಡಿಗೆಯ ತಳ ತಟ್ಟಿ ಬಲಿಸುತ್ತಿದ್ದಳು. ಇವಳು ಇಬ್ಬರ ಕೈಯನ್ನೂ ಕಣ್ಣಲ್ಲೇ ನುಂಗುತ್ತಿದ್ದಳು.

ಬಾಳಮ್ಮ ಆಯಿಯದು ಖಾರದ ಬಾಯಿ. ಕುರಿ ಕಾಯುವವರಿಗೆ ಮಣ್ಣಿನ ಉಸಾಬರಿ ಯಾಕೆ, ನಿಮ್ಮ ಮನೆಯಲ್ಲಿ ಹಿಂಡಲಿಕ್ಕೆ ಹಾಲಿಲ್ಲವೇ, ಕತ್ತರಿಸಲಿಕ್ಕೆ ಉಣ್ಣೆಯಿಲ್ಲವೇ ಎಂದು ಕಾಡುತ್ತಿದ್ದಳು. ಕಾಡುತ್ತಲೇ ಎಲ್ಲ ಕಲಿಸಿದಳು. ಯಾವ ಕೆರೆಯ ಮಣ್ಣಿಗೆ ಎಷ್ಟು ಮರಳು, ಯಾವ ಬಿಸಿಲು ಗಡಿಗೆಯನ್ನು ಒಣಗಿಸುತ್ತದೆ, ಯಾವುದು ಸೀಳುತ್ತದೆ, ಒಂದನ್ನೂ ಮುಚ್ಚಿಡಲಿಲ್ಲ. ಅವರ ಮಗ ದತ್ತು ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದ, ಮಣ್ಣು ಮುಟ್ಟುವವನಲ್ಲ. ಕೇಳುವ ಕಿವಿ ಸಿಕ್ಕಿತೆಂದು ಆ ಮುದುಕರಿಗೂ ಖುಷಿಯಾಗಿತ್ತು ಅನಿಸುತ್ತದೆ.

ಮುಂದೆ ಅನಿಲಕುಮಾರ ಎಲ್ಲಿಂದಲೋ ಕರೆಂಟಿನ ತಿಗರಿ ತಂದು ಹಳೆಯ ಕುರಿದೊಡ್ಡಿಯಲ್ಲಿ ಕೂರಿಸಿಕೊಟ್ಟ. ದೊಡ್ಡಿಯ ವಾಸನೆ ಹೋಗಲು ಸುಣ್ಣ ಬಳಿದದ್ದು ನಾನು, ಆ ಉಪಕಾರವನ್ನು ಈ ಮನೆಯಲ್ಲಿ ಯಾರೂ ನೆನೆಯುವುದಿಲ್ಲ. ಮೊದಲು ಜಹೀರಾಬಾದಿನ ಹೈವೇ ಮೇಲಿನ ಒಂದು ಚಹಾದಂಗಡಿಗೆ ಮಣ್ಣಿನ ಕಪ್ಪು ಹೋದವು. ಆಮೇಲೆ ಮೊಸರಿನ ಕುಡಿಕೆ, ಗಿಡ ಹಚ್ಚುವ ಕುಂಡ, ಬಣ್ಣ ಬಳಿದ ಹೂಜಿ. ಫೋನಿನಲ್ಲಿ ಫೋಟೋ ಹಾಕಿದರೆ ನಾರಾಯಣಖೇಡದಿಂದ, ಬೀದರದಿಂದ ಕೇಳಿ ಬರತೊಡಗಿದರು. ಸೊಸೆ ಮಣ್ಣು ಮೆತ್ತಿಕೊಂಡು ಮನೆಯ ಮರ್ಯಾದೆ ತೆಗೆದಳೆಂದು ಸಿಡಿಮಿಡಿ ಮಾಡುತ್ತಿದ್ದ ನಮ್ಮ ಮಾವ ಕಾಶಪ್ಪನವರು, ಚಹಾದಂಗಡಿಯವನು ಎದ್ದು ನಿಂತು ಸಲಾಮು ಮಾಡಿದ ದಿನದಿಂದ ಬಂದವರಿಗೆಲ್ಲ ದೊಡ್ಡಿ ತೋರಿಸಲು ಶುರು ಮಾಡಿದರು.

ಇದರಿಂದ ಬಾಳಮ್ಮನಿಗೆ ಬೇಸರವಾಗಲಿಲ್ಲವೇ ಎಂದರೆ, ಆಗಲಿಲ್ಲ. ಮೊದಲ ಸಲ ನಮ್ಮ ಹಿತ್ತಲಲ್ಲಿ ಆವಿಗೆ ಒಟ್ಟಿದಾಗ ಅವಳೇ ಬಂದು ನಿಂತು ಬೆಂಕಿ ಹಾಕಿಸಿದಳು. ಹೋಗುವಾಗ ಒಂದೇ ಮಾತು ಹೇಳಿದಳು.

"ಎಲ್ಲಾ ಮಾಡು ಯವ್ವಾ. ಕಪ್ ಮಾಡು, ಕುಂಡಾ ಮಾಡು. ಐರಾಣಿ ಒಂದು ಮಾಡಬ್ಯಾಡ. ಅದು ಮಾರೋ ಮಾಲಲ್ಲ, ನಮ್ಮ ಮನಿ ಮಾನ ಅದು."

ಶಿರೀಷಾ ಅವಳ ಕೈ ಹಿಡಿದು, ಇಲ್ಲ ಆಯಿ, ಎಂದೂ ಮಾಡುವುದಿಲ್ಲ ಅಂದಳು. ನಾನು ಅಲ್ಲೇ ಇದ್ದೆ.

ಐರಾಣಿ ಅಂದರೆ ಮದುವೆಯ ಗಡಿಗೆಗಳು. ಸುಣ್ಣ ಮತ್ತು ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದು, ಹಂದರ ಹಾಕಿದ ದಿನ ದೇವರ ಮುಂದೆ ಒಂದರ ಮೇಲೊಂದು ಇಡುತ್ತೇವೆ. ಅವನ್ನು ಅಂಗಡಿಯಿಂದ ತರುವ ಹಾಗಿಲ್ಲ. ಮದುವೆ ಮನೆಯವರು ಹಲಗೆ, ಸನಾದಿಯ ಬಾಜಾ ಹಚ್ಚಿಕೊಂಡು ಕುಂಬಾರ ಮನೆಗೆ ಹೋಗಬೇಕು. ಕುಂಬಾರಗಿತ್ತಿ ಬಾಗಿಲಲ್ಲಿ ನಿಂತು ಬಂದ ಹೆಂಗಸರ ಕಾಲಿಗೆ ನೀರು ಹಾಕುತ್ತಾಳೆ. ತಿಗರಿಗೆ ಪೂಜೆ ಮಾಡಿ, ಅವಳ ಉಡಿ ತುಂಬಿ, ಕಾಲಿಗೆರಗಿ, ಆಮೇಲೆ ಗಡಿಗೆ ತಲೆಯ ಮೇಲೆ ಹೊತ್ತು ತರಬೇಕು. ಎಂಥ ದೊಡ್ಡ ಮನೆಯ ಹೆಂಗಸಾದರೂ ಅಂದು ಬಾಳಮ್ಮನ ಕಾಲು ಮುಟ್ಟಲೇಬೇಕು. ವರ್ಷವೆಲ್ಲ ಅವಳನ್ನು ಕಟ್ಟೆಯ ಮೇಲೆಯೇ ಕೂರಿಸಿ ಮಾತಾಡಿಸಿ ಕಳಿಸುವ ಊರಿಗೆ, ಆ ಒಂದು ತಾಸು ಅವಳೇ ಹಿರಿಯಳು.

ಹೀಗಿರುವಾಗ ನಮ್ಮ ನಾದಿನಿ ನೇಹಾಳ ಮದುವೆ ಕೂಡಿಬಂತು. ಗಂಡು ನಾರಾಯಣಖೇಡದವನು, ಬೇಳೆಕಾಳಿನ ವ್ಯಾಪಾರದ ಮನೆ. ಶಿರೀಷಾಳ ಬಣ್ಣದ ಹೂಜಿಗಳ ಫೋಟೋ ಆ ಮನೆಯ ಹೆಂಗಸರ ಫೋನಿನಲ್ಲೂ ಇದ್ದವು. ಐರಾಣಿಯೂ ಹಾಗೇ ಇರಲಿ, ಸೀರೆಯ ಬಣ್ಣಕ್ಕೆ ಒಪ್ಪುವಂತೆ ಹಳದಿ ಹೂ, ಕೆಂಪು ಅಂಚು ಇರಲಿ ಎಂದು ನೇಹಾ ಹಟ ಹಿಡಿದಳು. ಮಾವನವರಿಗೆ ಆ ಮಾತು ಪಾಯಸದಷ್ಟು ರುಚಿಯಾಯಿತು. ಮನೆಯೊಳಗೇ ತಿಗರಿ ತಿರುಗುತ್ತಿರುವಾಗ ಇನ್ನೊಬ್ಬರ ಬಾಗಿಲಿಗೆ ಯಾಕೆ ಹೋಗಬೇಕು, ಬಾಜಾ ಊರ ಹನುಮಪ್ಪನ ಗುಡಿ ಸುತ್ತಿ ನಮ್ಮ ದೊಡ್ಡಿಗೇ ಬರಲಿ, ಕಿರಿಸೊಸೆಯ ಉಡಿ ತುಂಬಿ ಗಡಿಗೆ ಎತ್ತೋಣ ಎಂದು ಹುಕುಂ ಮಾಡಿದರು.

ಶಿರೀಷಾ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಮಾವನ ಹೆದರಿಕೆಯಿಂದ ಸುಮ್ಮನಿದ್ದಳು ಎಂದು ನಾನು ಆಗ ತಿಳಿದಿದ್ದೆ. ನಿಜ ಬೇರೆಯಿತ್ತು, ಅದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಅವಳಿಗೆ ಆಸೆಯಾಗಿತ್ತು. ತಾನು ಮಾಡಿದ ಗಡಿಗೆಗೆ ಬಾಜಾ ಬರುತ್ತದೆ, ಜನ ಕೈಮುಗಿಯುತ್ತಾರೆ ಎಂದರೆ ಮಣ್ಣು ಪ್ರೀತಿಸುವವಳಿಗೆ ಅದಕ್ಕಿಂತ ದೊಡ್ಡದು ಏನಿದೆ? ಕೊಟ್ಟ ಮಾತು ನೆನಪಿತ್ತು, ಆಸೆ ಅದಕ್ಕಿಂತ ಮುಂದೆ ಹೋಯಿತು.

ಆದರೂ ಹೇಳದೆ ಮಾಡುವುದು ಸರಿಯಲ್ಲ ಎಂದು ಅತ್ತೆ ಮಾತೆತ್ತಿದರು. ಹೋಗಿ ತಿಳಿಸಿ ಬರಲಿ, ಅವರಿಗೆ ಸಲ್ಲಬೇಕಾದ ಸೀರೆ, ಜೋಳ ಮನೆಗೇ ಕಳಿಸೋಣ ಎಂದರು. ಬಾಳಮ್ಮನ ಜೊತೆ ಸಲಿಗೆ ಇರುವುದು ಶಿರೀಷಾಗೆ, ಅವಳೇ ಹೋಗಲಿ ಎಂದಾಯಿತು.

ಅವಳು ಹೋದಳು. ಹೋದರೆ ಅಲ್ಲಿ ಪಡಸಾಲೆಯಲ್ಲಿ ಹೊಸ ಗಡಿಗೆಗಳು ಸಾಲಾಗಿ ಕೂತಿವೆ. ಅಂಜಪ್ಪ ಮುತ್ಯಾನ ಕೈ ಆಗಲೇ ನಡುಗುತ್ತಿತ್ತು, ತಿಗರಿಯನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದ. ಆದರೂ ಕಾಶಪ್ಪನ ಮಗಳ ಮದುವೆ, ಬೇರೆಯವರು ಹೇಳಬೇಕೇ, ಬಾಜಾ ಬಂದೇ ಬರುತ್ತದೆ ಎಂದು ದಿನಕ್ಕೆ ಒಂದೊಂದರಂತೆ ಮಾಡಿ, ಸುಟ್ಟು ತೆಗೆದಿದ್ದ. ಆಯಿ ಅವಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಇವಳನ್ನು ಕಂಡು, ನಿಮ್ಮ ನೇಹಾನವೇ ಇವು, ಗೆರೆ ಸೊಟ್ಟಾಗಿದ್ದರೆ ಈಗಲೇ ಹೇಳು, ಆಮೇಲೆ ನಿಮ್ಮತ್ತೆ ಕೊಂಕು ತೆಗೆಯುವುದು ಬೇಡ ಎಂದು ನಕ್ಕಳು. ಶಿರೀಷಾ ಕೂತಳು. ಆಯಿ ಕೊಟ್ಟ ಚಹಾ ಕುಡಿದಳು. ಗೆರೆ ನೆಟ್ಟಗಿವೆ ಅಂದಳು. ಎದ್ದು ಬಂದಳು.

ಮನೆಯಲ್ಲಿ ಮಾವನವರು ಕೇಳಿದರು, ಹೇಳಿದೆಯಾ?

"ಹೇಳೀನ್ರಿ" ಅಂದಳು.

ಆ ಒಂದು ಮಾತಿಗೆ ನಾವೆಲ್ಲ ನಿಶ್ಚಿಂತರಾದೆವು. ಮದುವೆಗೆ ಇನ್ನೂ ದಿನಗಳಿದ್ದವು. ನಾಳೆ ಹೋಗಿ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಅವಳು ಒಳಗೊಳಗೇ ದಿನ ತಳ್ಳಿದಳು. ಮದುವೆ ಮನೆಯ ಕೆಲಸ ನಿಮಗೆ ಗೊತ್ತೇ ಇದೆ, ತಪ್ಪು ಮಾಡಿದವರಿಗೆ ತಲೆಮರೆಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಂಡಿ ಕಟ್ಟುವಲ್ಲಿ ಅವಳೇ, ಹಪ್ಪಳ ಕರಿಯುವಲ್ಲಿ ಅವಳೇ. ನಡುನಡುವೆ ದೊಡ್ಡಿಗೆ ಹೋಗಿ ಹಳದಿ ಹೂ ಬರೆಯುತ್ತಿದ್ದಳು. ಸುಣ್ಣ, ಕೆಮ್ಮಣ್ಣು ಅಲ್ಲ, ಅಂಗಡಿಯ ಆಯಿಲ್ ಪೇಂಟು. ಚೆಂದವೇನೋ ಭಾಳ ಚೆಂದ ಬಂದಿದ್ದವು, ಸುಳ್ಳು ಯಾಕೆ ಹೇಳಲಿ.

ಐರಾಣಿ ತರುವ ದಿನ ಸಂಜೆ ಬಾಜಾ ಹೊರಟಿತು. ಶಿರೀಷಾ ದೊಡ್ಡಿಯಲ್ಲಿ ಮಣೆಯ ಮೇಲೆ ಕೂತಿದ್ದಳು, ಅಂದು ಅವಳೇ ಕುಂಬಾರಗಿತ್ತಿ. ನಾನು ಆರತಿ ತಟ್ಟೆ ಹಿಡಿದು ಹೆಂಗಸರ ಮುಂದಿದ್ದೆ. ಹಲಗೆಯವರ ಮುಖ್ಯಸ್ಥ ನರಸಿಂಹುಲು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವನ ಅಪ್ಪನ ಕಾಲದಿಂದ ಐರಾಣಿ ಬಾಜಾ ಹನುಮಪ್ಪನ ಗುಡಿಯ ಹತ್ತಿರ ಎಡಕ್ಕೆ ತಿರುಗುತ್ತದೆ. ಅವನು ಎಡಕ್ಕೆ ತಿರುಗಿದ. ಹಲಗೆಯ ಹಿಂದೆ ಸನಾದಿ, ಸನಾದಿಯ ಹಿಂದೆ ನಾವು. ನಾನೂ ಕಾಲಿನ ರೂಢಿಯಿಂದ ನಡೆದೆ, ಕುಂಬಾರ ಓಣಿಯಲ್ಲಿ ಅರ್ಧ ಹೋದಮೇಲೆ ನನಗೆ ಎಚ್ಚರವಾಯಿತು.

ಎದುರಿಗೆ ಬಾಳಮ್ಮ ಆಯಿ ನಿಂತಿದ್ದಳು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಹಸಿರು ಇಳಕಲ್ಲ ಸೀರೆ, ತಲೆ ತುಂಬ ಸೆರಗು, ಕೈಯಲ್ಲಿ ನಮ್ಮ ಕಾಲಿಗೆ ಹಾಕಲು ನೀರಿನ ತಂಬಿಗೆ. ಅವಳ ಹಿಂದೆ ಬಾಗಿಲ ಚೌಕಟ್ಟು ಹಿಡಿದು ಮುತ್ಯಾ, ಮೈಮೇಲೆ ಒಗೆದ ಅಂಗಿ.

ಹಿಂದಿನಿಂದ ಮಾವನವರು, ಈ ಕಡೆ ಅಲ್ಲ, ನಮ್ಮ ದೊಡ್ಡಿಗೆ ಎಂದು ಕೂಗಿದರು. ಹಲಗೆ ನಿಂತಿತು. ನರಸಿಂಹುಲು ಒಮ್ಮೆ ಆಯಿಯನ್ನು ನೋಡಿದ, ಒಮ್ಮೆ ನನ್ನನ್ನು. ಇಕ್ಕಟ್ಟಿನ ಓಣಿ, ಅಷ್ಟು ಜನ ಒಮ್ಮೆಲೇ ತಿರುಗುವುದು ಸುಲಭವಲ್ಲ. ನಾವು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ತಟ್ಟೆಯ ದೀಪ ಕಾಪಾಡಿಕೊಳ್ಳುತ್ತ ಅವಳ ಕಣ್ಣೆದುರಿಗೇ ಹಿಂದೆ ತಿರುಗಿದೆವು. ಬಾಳಮ್ಮ ತಂಬಿಗೆ ಕೆಳಗಿಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಅವಳ ಬಾಯಿ ಗೊತ್ತಿದ್ದವಳು ನಾನು. ಅವಳಿಗೆ ಹೇಳಿಯೇ ಇಲ್ಲ ಎಂಬುದು ನನಗೆ ಅಲ್ಲೇ ಗೊತ್ತಾಯಿತು. ಮಾವನವರಿಗೂ ಗೊತ್ತಾಗಿರಬೇಕು, ದಾರಿಯುದ್ದಕ್ಕೂ ತಲೆ ಮೇಲೆತ್ತಲಿಲ್ಲ. ಆದರೂ ಬಾಜಾ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಿರೆಂದು ಹೇಳಲಿಲ್ಲ.

ದೊಡ್ಡಿಯಲ್ಲಿ ಶಿರೀಷಾಳ ಉಡಿ ತುಂಬಿದ್ದು ನಾನೇ. ಅಕ್ಕಿ, ಕೊಬ್ಬರಿ, ಖಣ ಹಾಕುವಾಗ ಅವಳ ಕಿವಿಯಲ್ಲಿ ಕೇಳಿದೆ, ಯಾಕೆ ಹೇಳಲಿಲ್ಲ ನೀನು. ಹಲಗೆ ಎಡಕ್ಕೆ ತಿರುಗಿದ ಸದ್ದು ಅವಳಿಗೆ ಅಲ್ಲಿಗೇ ಕೇಳಿಸಿತ್ತು.

"ತಂಬಗಿ ಕೈಯಾಗ ಹಿಡ್ದಿದ್ಳಾ ಅಕ್ಕಾ?"

ಹೌದು ಅಂದೆ. ಅವಳು ಅಳತೊಡಗಿದಳು. ಸುತ್ತ ಕೂತ ಹೆಂಗಸರು, ಮಾನ ಸಿಕ್ಕಿದ್ದಕ್ಕೆ ಆನಂದಬಾಷ್ಪ ಎಂದು ಮಾತಾಡಿಕೊಂಡರು. ನೇಹಾ ಗಡಿಗೆಗಳ ಜೊತೆ ಫೋಟೋ ತೆಗೆಸಿಕೊಂಡಳು.

ಮದುವೆಯ ಊಟಕ್ಕೆ ಬಾಳಮ್ಮ ಬಂದಳು. ಮುತ್ಯಾ ಬರಲಿಲ್ಲ. ಆಯಿ ನೇಹಾಳ ತಲೆಯ ಮೇಲೆ ಅಕ್ಕಿಕಾಳು ಹಾಕಿ, ಪಂಕ್ತಿಯಲ್ಲಿ ಕೂತು ಉಂಡು, ಅತ್ತೆಗೆ ಹೇಳಿ ಹೋದಳು. ಅತ್ತೆ ಕೊಡಹೋದ ಸೀರೆಯನ್ನು, ಕೊಟ್ಟ ಗಡಿಗೆಗಷ್ಟೇ ಸೀರೆ ತಗೊಳ್ಳುವುದು ಎಂದು ಹೇಳಿ ಅಲ್ಲೇ ಇಟ್ಟಳು. ಶಿರೀಷಾ ಅಷ್ಟು ಹೊತ್ತೂ ಜೋಳದ ಕೋಣೆಯಲ್ಲಿ ಚೀಲಗಳ ಹಿಂದೆ ಕೂತಿದ್ದಳು.

ಅಲ್ಲಿಂದ ಮುಂದೆ ಅವಳು ಕುಂಬಾರ ಓಣಿಯ ಕಡೆ ಕಾಲಿಡಲಿಲ್ಲ. ಬೋರಿನ ನೀರಿಗೆ ಹೋಗಲು ಊರು ಸುತ್ತಿ ಹೋಗುತ್ತಿದ್ದಳು. ಕೆಲಸವೇನೋ ಹೆಚ್ಚಿತು. ನೇಹಾಳ ಫೋಟೋ ನೋಡಿ ನಾರಾಯಣಖೇಡದವರು, ಜಹೀರಾಬಾದಿನವರು ಐರಾಣಿ ಬೇಕೆಂದು ಫೋನು ಮಾಡಿದರು. ಇವಳು ಒಬ್ಬರಿಗೂ ಹೂಂ ಅನ್ನಲಿಲ್ಲ. ಕೈ ಹಿಡಿದ ಲಕ್ಷ್ಮಿಯನ್ನು ಕಾಲಲ್ಲಿ ಒದೆಯುತ್ತಾಳೆಂದು ಅನಿಲಕುಮಾರ ರೇಗಾಡಿದ. ಹೂಜಿ, ಕಪ್ಪು ಮಾತ್ರ ಮಾಡುತ್ತಿದ್ದಳು, ಅವೂ ತಿಗರಿಯ ಮೇಲೆ ಸೊಟ್ಟಾಗುತ್ತಿದ್ದವು. ಒಂದು ಮಧ್ಯಾಹ್ನ ಮಣ್ಣು ಹಾಗೇ ಬಿಟ್ಟು ನನ್ನ ಹತ್ತಿರ ಬಂದು ಕೂತಳು.

"ಅಕ್ಕಾ, ನಾ ಕಳವು ಮಾಡೀನಿ."

"ಹೋಗಿ ಕಾಲ ಹಿಡಕೋ. ಬೈತಾಳ, ಬೈಸ್ಕೋ. ಮುಗೀತದ."

"ಬೈದ್ರ ಮುಗೀತಿತ್ತು. ಆಕಿ ಚಾ ಕೊಟ್ರ ಏನ್ ಮಾಡ್ಲಿ?"

ಕೊನೆಗೆ ತಾನೇ ಸೋಮವಾರ ಹೋಗುತ್ತೇನೆ ಅಂದಳು. ಸೋಮವಾರ ಬಂತು, ಕಪ್ಪಿನ ಕೆಲಸ ಬಂತು. ಹಬ್ಬ ಆಗಲಿ ಅಂದಳು. ಹಬ್ಬವೂ ಆಯಿತು. ಕ್ಷಮೆ ಕೇಳುವುದು ಹಳೆಯ ಬಾವಿಗೆ ಇಳಿದ ಹಾಗೆ, ತಡಮಾಡಿದಷ್ಟೂ ನೀರು ಕೆಳಗೆ ಹೋಗುತ್ತದೆ. ಜೊತೆಗೆ ನಾನು ಬರುತ್ತೇನೆ ಎಂದು ನಾನಾದರೂ ಹೇಳಬೇಕಿತ್ತು. ಆ ಓಣಿಯಲ್ಲಿ ಆರತಿ ತಟ್ಟೆ ಹಿಡಿದು ಬೆನ್ನು ತಿರುಗಿಸಿದವಳು ನಾನು, ನನಗೂ ಆ ಬಾಗಿಲು ಬೇಡವಾಗಿತ್ತು.

ತೊಗರಿ ಹೂ ಬಿಡುವ ಹೊತ್ತಿಗೆ ಅಂಜಪ್ಪ ಮುತ್ಯಾ ತೀರಿಕೊಂಡ. ನಾಲ್ಕು ದಿನದ ಜ್ವರ. ಬಾಜಾ ತಿರುಗಿಹೋದ ನೋವಿಗೆ ಸತ್ತ ಎಂದು ಯಾರೂ ಹೇಳಲಾರರು, ವಯಸ್ಸೂ ಆಗಿತ್ತು. ಆದರೆ ಆ ಸಂಜೆಯ ಮೇಲೆ ಅವನು ತಿಗರಿಯ ಹತ್ತಿರ ಕೂತದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಬೆಳಗ್ಗೆ ಸುದ್ದಿ ಕೇಳಿ ನಾವು ಸೀರೆ ಬದಲಿಸುತ್ತಿದ್ದೆವು. ಅಷ್ಟರಲ್ಲಿ ದತ್ತು ನಮ್ಮ ಬಾಗಿಲಲ್ಲಿ ನಿಂತಿದ್ದ. ತಾಂಡೂರಿನಿಂದ ಬಂದು ಅಪ್ಪನ ಕೊನೆಗಾಲದಲ್ಲಿ ಜೊತೆಗಿದ್ದ, ಕಣ್ಣು ಕೆಂಪಾಗಿದ್ದವು. ಶಿರೀಷಾಳನ್ನು ಕೇಳಿದ. ಅವಳು ಬಂದು ಗೋಡೆಗೆ ಒರಗಿ ನಿಂತಳು.

"ವೈನಿ, ಮುಂದ ಹಿಡಿಯೋ ಗಡಿಗಿ ಬೇಕ್ರಿ."

ಹೆಣದ ಮುಂದೆ ಮಗ ಬೆಂಕಿ ಹಿಡಿದು ನಡೆಯುವ ಗಡಿಗೆ. ಅದೂ ಕುಂಬಾರ ಮನೆಯಿಂದಲೇ ಬರಬೇಕು. ಯಾರೇ ಸತ್ತರೂ, ಎಷ್ಟು ಹೊತ್ತಿನಲ್ಲಿ ಬಂದು ಕೇಳಿದರೂ ಇಲ್ಲ ಎನ್ನದೆ ಕೊಡಬೇಕು. ನಿಮ್ಮ ಮನೆಯಲ್ಲೇ ಇಲ್ಲವೇ ಎಂದು ನಾನು ಕೇಳಿದೆ.

"ಮನ್ಯಾಗ ನೇಹಾನ ಐರಾಣಿ ಅವ. ಮದುವಿ ಗಡಿಗಿ ಸಾವಿಗಿ ಮುಟ್ಟಬಾರ್ದಂತ ಅವ್ವ ಬಿಡವಲ್ಳು. ಊರ ಕುಂಬಾರ ಮನಿಗಿ ಹೋಗು ಅಂದ್ಳು. ಯಾವ ಮನಿ ಅಂದ್ರ, ಕಾಶಪ್ಪನ ಮನಿ ಅಂದ್ಳು."

ದತ್ತುವಿನ ದನಿಯಲ್ಲಿ ಕೊಂಕಿರಲಿಲ್ಲ. ಬಿಟ್ಟು ಹೋದ ಮಗ, ಇಲ್ಲಿ ನಡೆದದ್ದು ಅವನಿಗೆ ಪೂರ್ತಿ ಗೊತ್ತಿತ್ತೋ ಇಲ್ಲವೋ. ಗಡಿಗೆಯನ್ನು ಕುಂಬಾರರೇ ಹೊತ್ತು ತರಬೇಕೆಂದೂ ಅವ್ವ ಹೇಳಿದ್ದಾಳೆ ಎಂದು ತಿಳಿಸಿ ಹೋದ.

ಶಿರೀಷಾ ದೊಡ್ಡಿಗೆ ಓಡಿದಳು, ಹಿಂದೆ ನಾನು. ಸಾವಿನ ಗಡಿಗೆಗೆ ಬಣ್ಣವಿರಬಾರದು. ಅವಳ ದೊಡ್ಡಿಯಲ್ಲಿ ಬಣ್ಣವಿಲ್ಲದ ಒಂದೂ ಗಡಿಗೆ ಇರಲಿಲ್ಲ. ಚಹಾದ ಕಪ್ಪು, ಕುಡಿಕೆ, ತಳಕ್ಕೆ ತೂತಿರುವ ಕುಂಡ, ಸುಡದೆ ಇದ್ದ ಹಸಿ ಮಾಲು. ಗಡಿಗೆ ಎನ್ನುವಂಥದ್ದೆಲ್ಲ ಹಳದಿ ಹೂ, ನೀಲಿ ಬಳ್ಳಿ. ಬಾಳಮ್ಮನ ಮನೆಯಲ್ಲಿ ಅಟ್ಟದ ಮೇಲೆ ಸದಾ ಒಂದೆರಡು ಬರಿಗಡಿಗೆ ಬೋರಲು ಇರುತ್ತಿದ್ದವು, ಅವು ಮುರುಕು ಮಾಲಿರಬೇಕೆಂದು ನಾವು ತಿಳಿದಿದ್ದೆವು; ಸಾವಿಗೆಂದೇ ಇಟ್ಟವು ಅವು, ಮುತ್ಯಾ ತಿಗರಿ ಬಿಟ್ಟಮೇಲೆ ತೀರಿಹೋಗಿದ್ದವು. ಹೊಸದು ಮಾಡಿ ಸುಡಲು ಹೊತ್ತಿಲ್ಲ, ಹೆಣ ಕಾಯುವುದಿಲ್ಲ.

ಅವಳು ಹಳದಿ ಹೂವಿನ ಒಂದು ಗಡಿಗೆ ತೆಗೆದುಕೊಂಡು ಕುರ್ಪಿಯಿಂದ ಕೆರೆಯತೊಡಗಿದಳು. ಕೆಮ್ಮಣ್ಣಾಗಿದ್ದರೆ ನೀರಿಗೇ ಹೋಗುತ್ತಿತ್ತು. ಆಯಿಲ್ ಪೇಂಟು ಬಿಡಲೊಲ್ಲದು. ನಾನೊಂದು ಕಲ್ಲು ತಗೊಂಡೆ. ಇಬ್ಬರೂ ಕೂತು ಕೆರೆದೆವು. ಅವಳ ಬೆರಳ ಸಂದಿಯಲ್ಲಿ ರಕ್ತ ಬಂತು, ನಿಲ್ಲಿಸಲಿಲ್ಲ. ಕೊನೆಗೂ ಕೊರಳ ಕೆಳಗೆ ನಾಲ್ಕಾರು ಹಳದಿ ಎಸಳು ಉಳಿದೇ ಹೋದವು. ಮಸಿ ಬಳಿದು ಮುಚ್ಚೋಣ ಅಂದೆ. ಅವಳು ತಲೆಯಲ್ಲಾಡಿಸಿದಳು, ಮುಚ್ಚಿದ್ದು ಸಾಕಾಗಿದೆ ಅಂದಳು.

ಗಡಿಗೆ ಎದೆಗವಚಿಕೊಂಡು ಅವಳು ಮುಂದೆ, ನಾನು ಹಿಂದೆ. ಹನುಮಪ್ಪನ ಗುಡಿಯ ಹತ್ತಿರ ಎಡಕ್ಕೆ ತಿರುಗುವಾಗ ನಾನು ಅವಳ ಬೆನ್ನಿಗೆ ಕೈಕೊಟ್ಟೆ. ಮುತ್ಯಾನ ಅಂಗಳದ ತುಂಬ ಜನ. ಮಾವನವರು, ಅನಿಲಕುಮಾರ, ಹಲಗೆ ಹಿಡಿದ ನರಸಿಂಹುಲು, ಊರೇ ಅಲ್ಲಿತ್ತು. ನಡುವೆ ಹೆಣ, ತಲೆಯ ಹತ್ತಿರ ಬಾಳಮ್ಮ. ನಮ್ಮನ್ನು ಯಾರೂ ಗಮನಿಸಲಿಲ್ಲ. ಜನರ ಬೆನ್ನ ಹಿಂದೆ ಶಿರೀಷಾ ನಿಂತುಬಿಟ್ಟಳು. ಇಷ್ಟು ತಿಂಗಳು ಬಾಯಲ್ಲೇ ಕೊಳೆತ ಮಾತನ್ನು ಈಗಲಾದರೂ ಹೇಳಬೇಕೆಂದು ಅವಳ ತುಟಿ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಆಯಿ, ನಾನು ಅಂದು ಹೇಳಲಿಕ್ಕೇ ಬಂದಿದ್ದೆ. ಅಷ್ಟೇ ಮಾತು.

ಬಾಳಮ್ಮ ತಲೆ ಎತ್ತಿದಳು. ಗಡಿಗೆಯನ್ನು ನೋಡಿದಳು, ಅದರ ಮೈಮೇಲಿನ ಗೀರು ನೋಡಿದಳು, ಉಳಿದ ಹಳದಿಯನ್ನೂ ನೋಡಿದಳು. ಆಮೇಲೆ ಇವಳ ಮುಖ. ಬೇರೆಯವರ ಮನೆಯಲ್ಲಿ ಸಾವಾದಾಗ ತನ್ನ ಗಂಡ ಗಡಿಗೆ ಹೊತ್ತು ಬಂದರೆ ಆ ಮನೆಯ ಹಿರಿಯರು ಹೇಳುತ್ತಿದ್ದ ಮಾತನ್ನೇ ಈಗ ತನ್ನ ಮನೆಯ ಅಂಗಳದಲ್ಲಿ ಗಟ್ಟಿಯಾಗಿ ಹೇಳಿದಳು.

"ಕುಂಬಾರ್ರು ಬಂದ್ರು. ಹಾದಿ ಬಿಡ್ರಿ."

ಜನ ಎರಡು ಕಡೆ ಸರಿದು ನಿಂತರು. ಶಿರೀಷಾಳ ಮಾತು ಹೊರಗೆ ಬರಲಿಲ್ಲ. ಎಲ್ಲರೂ ಬಿಟ್ಟುಕೊಟ್ಟ ಹಾದಿಯಲ್ಲಿ ನಡೆದುಹೋಗಿ ಅಂಜಪ್ಪ ಮುತ್ಯಾನ ಕಾಲ ಹತ್ತಿರ ಗಡಿಗೆ ಇಟ್ಟಳು.